ಬಾಣದ ಸ್ಟಿಕ್ಕರು

ಕೌಲ್ ಬಜಾರಿನ ಓಣಿಯೊಳಗೊಂದು ಶೆಡ್ಡು,
ಟ್ಯೂಬ್‌ಲೈಟಿನ ಕೆಳಗೆ ನನ್ನ ಮೇಜು.
ದಿನಕ್ಕೆ ಆರುನೂರು ಪ್ಯಾಂಟು ನೋಡುತ್ತೇನೆ.
ಹೊಲಿಗೆ ಜಾರಿದ್ದರೆ, ಜೇಬು ವಾರೆಯಾಗಿದ್ದರೆ,
ಬೆಲ್ಟಿನ ಕುಣಿಕೆ ಒಂದು ಕಡಿಮೆಯಿದ್ದರೆ
ಅಲ್ಲೇ, ಆ ಜಾಗಕ್ಕೇ, ಕೆಂಪು ಬಾಣ ಅಂಟಿಸಿ
ವಾಪಸು ಕಳಿಸುತ್ತೇನೆ.
ಬಾಣದ ಮೂತಿ ತಪ್ಪಿನ ಮೇಲೇ ಕೂತಿರಬೇಕು,
ಅಕ್ಕಿಕಾಳಿನಷ್ಟೂ ಆಚೀಚೆ ಆಗಬಾರದು.
ಇದು ಕೆಲಸ ಕಲಿಸಿದ ಮೆಹಬೂಬಿಯ ಕಾನೂನು.
ಬೇರೆ ಕಾನೂನು ನಮ್ಮ ಶೆಡ್ಡಿನಲ್ಲಿಲ್ಲ.

ತಮ್ಮ ಎರ್ರಿಸ್ವಾಮಿ ಒಂದು ಗೇಮು ಮಾಡಿದ.
ಎರಡು ವರ್ಷದ ರಾತ್ರಿಗಳು, ಯಾರೋ ಮಾರಿದ ಲ್ಯಾಪ್‌ಟಾಪು.
ಮನೆಯ ಒಂದೇ ಟೇಬಲ್ ಫ್ಯಾನು ಅದರ ಕಡೆಗೆ,
ಬಳ್ಳಾರಿಯ ಮೇ ತಿಂಗಳು ನಮ್ಮ ಕಡೆಗೆ.

ಆಟದಲ್ಲಿ ಒಬ್ಬ ಹುಡುಗ, ಹೆಸರಿಲ್ಲ.
ಮಾಳಿಗೆಯಿಂದ ಮಾಳಿಗೆಗೆ ಹಾರುತ್ತಾನೆ,
ಒಣಹಾಕಿದ ಜೀನ್ಸು ಗಾಳಿಗೆ ಕಾಲು ಜಾಡಿಸಿದರೆ ಬಗ್ಗುತ್ತಾನೆ.
ಕೆಳಗೆ ವಾಷಿಂಗ್ ಯೂನಿಟ್ಟಿನ ನೀಲಿ ಕಾಲುವೆ.
ಬಿದ್ದರೆ ಅವನೂ ನೀಲಿ, ನೀಲಿಯಾದರೆ ಕೆಮ್ಮು,
ಅಷ್ಟೆ, ಸಾಯುವುದಿಲ್ಲ.
ಗುಡ್ಡದ ಬಂಡೆಯ ಮೇಲೊಂದು ಕತ್ತೆ,
ದಾರಿ ಕೇಳಿದರೆ ಸುಳ್ಳು ಹೇಳುತ್ತದೆ.
ಆ ಕತ್ತೆಗೆ ದನಿ ಕೊಟ್ಟವಳು ನಾನೇ.

ಗೇಮಿನ ಅಂಗಡಿಯಿಂದ ಜವಾಬು ಬಂತು:
‘ನಿಮ್ಮ ಆಟ ನಮ್ಮ ಮಾನದಂಡಗಳಿಗೆ ಹೊಂದುವುದಿಲ್ಲ.
ಪರಿಶೀಲಿಸಿ ಮತ್ತೆ ಸಲ್ಲಿಸಿ. ಧನ್ಯವಾದಗಳು.’
ಯಾವುದು ಹೊಂದುವುದಿಲ್ಲ, ಬರೆದು ಕೇಳಿದ.
ಅದೇ ಸಾಲು, ಅದೇ ಚುಕ್ಕೆ, ಅದೇ ಧನ್ಯವಾದ.
ನಿಯಮ ಓದಿದೆವು ಇಬ್ಬರೂ, ಬೆರಳಿಟ್ಟು.
‘ಅನುಚಿತ’ ಅಂತಿತ್ತು. ‘ಸೂಕ್ಷ್ಮ’ ಅಂತಿತ್ತು.
ಕೊನೆಗೆ ‘ಇತ್ಯಾದಿ’ ಅಂತಿತ್ತು,
ಅದೇ ಎಲ್ಲಕ್ಕಿಂತ ದೊಡ್ಡ ಕೋಣೆ,
ಒಳಗೆ ಬಲ್ಬಿಲ್ಲ.

ಮೊದಲು ಕೆಮ್ಮು ತೆಗೆದ.
ಆಮೇಲೆ ಬೇವಿನ ಬುಡದ ದುರುಗಮ್ಮನ ಕಲ್ಲಿಂದ ಕುಂಕುಮ,
ರಕ್ತ ಅಂದುಕೊಂಡಿರಬಹುದು ಅಂತ.
ದರ್ಗಾದ ಬಾವುಟ ತೆಗೆದು, ನಿದ್ದೆ ಬಾರದೆ
ಮತ್ತೆ ಇಟ್ಟು, ಮತ್ತೆ ತೆಗೆದ.
ದಾರ ಕತ್ತರಿಸುವ ಪುಟ್ಟ ಕತ್ತರಿ, ಆಯುಧವೇನೋ.
ಕಾಲುವೆಯ ನೀಲಿಯನ್ನು ಬೂದಿ ಮಾಡಿದ.
ಒಂದು ರಾತ್ರಿ ಮುಖ ನೋಡದೆ ಕೇಳಿದ,
ಅಕ್ಕಾ, ಕತ್ತೆ ತೆಗೀಲಾ?
ತೆಗಿಯಪ, ಕತ್ತೆಗೇನು, ಅಂದೆ.
ಅಂದವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಈಗ ಬೂದಿ ನೀರಿನ ಮೇಲೆ
ಒಬ್ಬ ಹುಡುಗ ಸುಮ್ಮನೆ ಹಾರುತ್ತಾನೆ.
ಅದಕ್ಕೂ ಅದೇ ಸಾಲು ಬಂತು.

ಹೋದ ಗುರುವಾರ ನನ್ನ ಸ್ಟಿಕ್ಕರು ಮುಗಿದಿದ್ದವು.
ಹೊರಗೆ ಲಾರಿಯ ಹಾರನ್ನು, ಮೇಲೆ ಮಾಲೀಕನ ಫೋನು.
ಹನ್ನೊಂದು ಪ್ಯಾಂಟು ಹಾಗೇ
ಜಿಲಾನ್ ಬಾಷಾನ ಮಡಿಲಿಗೆ ಎಸೆದೆ:
ಸರಿಯಿಲ್ಲ, ನೋಡ್ಕೋ.
ಮೂವತ್ತು ವರ್ಷ ಮಷೀನು ತುಳಿದವನು
ಎಲ್ಲಿ ಅಂತ ಕೇಳಲಿಲ್ಲ.
ಸಂಜೆ ಹೋಗಿ ನೋಡಿದರೆ
ನೆಟ್ಟಗಿದ್ದ ಹೊಲಿಗೆಯನ್ನೂ ಬಿಚ್ಚಿ ಕೂತಿದ್ದ.
ಕಾಲು, ಸೊಂಟ, ಜೇಬು ಬೇರೆ ಬೇರೆ ಗುಡ್ಡೆ,
ಗಡ್ಡದ ತುಂಬ ನೂಲು.
ತಪ್ಪಿದ್ದದ್ದು ಹಿಂದಿನ ಜೇಬಿನ ಮೂಲೆಯಲ್ಲಿ
ಒಂದು ಟಾಕಿ. ಬರೀ ಒಂದು ಟಾಕಿ.
ಹೊಲಿದರೆ ಪೀಸಿಗೆ ಇಷ್ಟು ಅಂತ ಲೆಕ್ಕ,
ಬಿಚ್ಚಿದ್ದಕ್ಕೆ ಯಾರೂ ಕೊಡುವುದಿಲ್ಲ.
ತಪ್ಪಾಯ್ತು ಭಾಯಿ, ಅಂದೆ.
ಅವನಿಗೆ ಯಾವ ತಪ್ಪು ಅಂತ ಗೊತ್ತಾಗಲಿಲ್ಲ.

ಹೊಸ ಹಾಳೆ ಬಂದ ದಿನ ಒಂದು ಬಾಣ ಕಿತ್ತು
ವಾಚಿನ ಗಾಜಿಗೆ ಅಂಟಿಸಿಕೊಂಡು ಮನೆಗೆ ತಂದೆ.
ತಮ್ಮ ಕೂತೇ ಇದ್ದ.
ಹುಡುಗನ ಮೇಲೆ, ನೀರಿನ ಮೇಲೆ,
ಕತ್ತೆ ಇದ್ದ ಬಂಡೆಯ ಮೇಲೆ ಹಿಡಿದು ನೋಡಿದೆ.
ಎಲ್ಲೂ ಕೂರಲಿಲ್ಲ ಮೂತಿ.
ಬೆರಳಿಗೇ ಅಂಟಿಕೊಂಡಿತು.

ಅಕ್ಕಾ, ಕತ್ತೆ ಮಾತು ಒಂದ್ಸಲ ಹೇಳು, ಅಂದ.
ಗಂಟಲು ಸರಿಮಾಡಿಕೊಂಡು ಹೇಳಿದೆ:
ಎಡಕ್ಕೆ ಹೋಗಪ, ಎಡಕ್ಕೆ.
ಅಲ್ಲಿ ನೀರು ತಿಳಿಯಾಗೈತೆ.